ಕಿಂಡಿಯ ಸದ್ದು

ನಿಮ್ಮನ್ನು ಜಾಸ್ತಿ ಹೆದರಿಸಿದ ದೆವ್ವದ ಪುಟ್ಟ ಕಥೆ ಯಾವುದು ಅಂತ ಕೇಳಿದ್ದೀರಿ. ನನ್ನದು ಅಜ್ಜಿ ಹೇಳಿದ್ದು. ಕಥೆ ಚಿಕ್ಕದು. ಆದರೆ ನಮ್ಮ ಕಡೆಯ ಮಳೆಗಾಲದ ಬಗ್ಗೆ ಸ್ವಲ್ಪ ಹೇಳದಿದ್ದರೆ ಅದು ಸಪ್ಪೆ ಅನಿಸುತ್ತದೆ.

ಅಜ್ಜಿ ಮನೆ ಕೊಡಗಿನ ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿ ಕಕ್ಕಡ ತಿಂಗಳು. ಮದುವೆ, ಶುಭಕಾರ್ಯ ಏನೂ ಇಲ್ಲ. ಗದ್ದೆ ಕೆಲಸ, ಜಿಗಣೆ, ಮಳೆ, ಅಷ್ಟೇ. ಆಗಸ್ಟ್ 3ರಂದು ಕಕ್ಕಡ ಹದಿನೆಂಟು, ಅವತ್ತು ಮದ್ದುಸೊಪ್ಪಿನ ರಸದಲ್ಲಿ ನೇರಳೆ ಬಣ್ಣದ ಪಾಯಸ ಮಾಡುತ್ತೇವೆ, ಕಥೆಗಳು ಹೊರಬರುತ್ತಿದ್ದದ್ದೂ ಅವತ್ತೇ. ಹೆಂಚಿನ ಮೇಲೆ ಮಳೆ ಹೊಡೆಯುವಾಗ ಪಕ್ಕದಲ್ಲಿ ಕೂತವರ ಮಾತೂ ಸರಿಯಾಗಿ ಕೇಳಿಸುವುದಿಲ್ಲ.

ಇನ್ನೊಂದು ವಿಷಯ. ಹಳೆಯ ಮನೆಗಳ ಜಗಲಿಯಲ್ಲಿ ಒಂದು ಕಿಂಡಿ ಇರುತ್ತದೆ, ಅಂದರೆ ಮೂತಿ ಇರುವ ತಂಬಿಗೆ. ಅದರಲ್ಲಿ ನೀರು ತುಂಬಿಸಿಟ್ಟಿರುತ್ತಾರೆ, ಹೊರಗಿನಿಂದ ಬಂದವರು ಕಾಲು ತೊಳೆದೇ ಒಳಗೆ ಬರಬೇಕು. ಒಳಗಿದ್ದವರಿಗೆ ಮೊದಲು ಕಲ್ಲಿನ ಮೇಲೆ ನೀರು ಬಿದ್ದ ಸದ್ದು ಕೇಳುತ್ತದೆ, ಆಮೇಲೆ ಕಿಂಡಿ ಕೆಳಗಿಟ್ಟ ಟಣ್. ಮನೆಯವರು ಬಂದರು ಅಂತ ಅರ್ಥ.

ಈಗ ಕಥೆ. ಕಕ್ಕಡದ ಒಂದು ರಾತ್ರಿ. ಗದ್ದೆಯ ಏರಿ ಒಡೆದಿದೆಯಾ ಅಂತ ನೋಡಲು ಗಂಡ ಹೋಗಿದ್ದಾನೆ. ಹೆಂಡತಿ ಒಳಗೆ ಮಗುವಿಗೆ ಹಾಲು ಕುಡಿಸುತ್ತಿದ್ದಾಳೆ. ಮಳೆ ಗಕ್ಕನೆ ನಿಂತಿತು. ಜಗಲಿಯಲ್ಲಿ ಕಾಲು ತೊಳೆಯುವ ಸದ್ದು. "ಬಂದ್ರಾ? ಮಗು ಮಲಗಲಿ, ಬಾಗಿಲು ತೆಗೀತೀನಿ" ಅಂದಳು. ಉತ್ತರ ಇಲ್ಲ. ಟಣ್. ಸ್ವಲ್ಪ ಹೊತ್ತಿಗೆ ಮತ್ತೆ ನೀರು, ಮತ್ತೆ ಟಣ್. ಬೆಳಗಿನವರೆಗೂ ಹಾಗೇ. ಅವಳು ಬಾಗಿಲ ಹತ್ತಿರವೂ ಹೋಗಲಿಲ್ಲ. ಬೆಳಕು ಹರಿದ ಮೇಲೆ ಗಂಡ ದನದ ಕೊಟ್ಟಿಗೆಯಿಂದ ಎದ್ದು ಬಂದ. ಅವನು ಕೇಳಿದ್ದು ಒಂದೇ ಮಾತು: "ಮಗುವನ್ನು ಒಳಗೆ ಬಿಟ್ಟು, ರಾತ್ರಿಯೆಲ್ಲ ಯಾಕೆ ಜಗಲಿಯಲ್ಲಿ ಕೂತು ಕಾಲು ತೊಳೀತಿದ್ದೆ?"

ಅಜ್ಜಿ ಅಲ್ಲಿಗೇ ನಿಲ್ಲಿಸುತ್ತಿದ್ದರು. ಆಮೇಲೆ ಏನಾಯಿತು ಅಂತ ಎಷ್ಟು ಕೇಳಿದರೂ ಹೇಳುತ್ತಿರಲಿಲ್ಲ.

ಘಾಟಿ ತಿರುವಿನಲ್ಲಿ ಬಿಳಿ ಸೀರೆ ಉಟ್ಟು ಲಿಫ್ಟ್ ಕೇಳುವ ಹೆಂಗಸಿನ ಕಥೆ ಎಲ್ಲ ಊರಿನಲ್ಲೂ ಇದೆ, ಅದು ನನಗೆ ಹೆದರಿಕೆ ತರುವುದಿಲ್ಲ. ಆ ರಸ್ತೆಗೆ ಹೋಗದಿದ್ದರೆ ಆಯಿತು. ಇಲ್ಲಿ ಹಾಗಲ್ಲ. ಇದು ನಮ್ಮದೇ ಜಗಲಿ, ದಿನಾ ಕೇಳುವ ಸದ್ದು, ನಮ್ಮವರದೇ ರೂಪ. ಯಾರಿಗೂ ಏನೂ ಆಗಲಿಲ್ಲ ಅನ್ನುವುದೇ ನನಗೆ ಜಾಸ್ತಿ ಭಯ. ಅದಕ್ಕೆ ಬೇಕಾಗಿದ್ದಾದರೂ ಏನು? ಬಾಗಿಲು ತೆರೆದಿದ್ದರೆ?

2018ರ ಆಗಸ್ಟ್‌ನಲ್ಲಿ, ಮಡಿಕೇರಿ ಸುತ್ತಮುತ್ತ ಗುಡ್ಡ ಕುಸಿದ ಆ ದಿನಗಳಲ್ಲಿ, ನಾವು ಅಜ್ಜಿ ಮನೆಯಲ್ಲಿದ್ದೆವು. ಕರೆಂಟ್ ಇಲ್ಲ, ಫೋನ್ ಇಲ್ಲ, ಮಣ್ಣು ಎಲ್ಲಿ ಜಾರುತ್ತದೋ ಅನ್ನುವ ಚಿಂತೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಒಂದು ರಾತ್ರಿ ಮಳೆ ಸ್ವಲ್ಪ ನಿಂತಾಗ ಜಗಲಿಯಿಂದ ಟಣ್ ಅಂತ ಕೇಳಿಸಿತು. ಅಪ್ಪ, ಅಮ್ಮ, ಅಜ್ಜಿ, ನಾನು, ನಾಲ್ಕೂ ಜನ ಒಳಗೇ ಇದ್ದೆವು. ಹೆಂಚಿನ ಸಂದಿಯಿಂದ ಹನಿ ಬಿದ್ದಿರಬೇಕು. ಯಾರೂ ಮಾತಾಡಲಿಲ್ಲ. ಅಜ್ಜಿ ಸುಮ್ನೆ ದೀಪದ ಬತ್ತಿ ಎತ್ತರಿಸಿದರು.

ಈಗ ಅಜ್ಜಿ ಇಲ್ಲ, ಕಿಂಡಿ ಅದೇ ಜಾಗದಲ್ಲಿದೆ. ಅಪ್ಪನಿಗೆ ದೆವ್ವದಲ್ಲಿ ನಂಬಿಕೆ ಇಲ್ಲ. ಆದರೂ ಕತ್ತಲಾದ ಮೇಲೆ ತೋಟದಿಂದ ಬಂದರೆ ಕಿಂಡಿ ಮುಟ್ಟುವ ಮೊದಲು ಅಂಗಳದಲ್ಲೇ ನಿಂತು ಅಮ್ಮನ ಹೆಸರು ಕರೆಯುತ್ತಾರೆ. ಒಳಗಿನಿಂದ ಅಮ್ಮ ಓಗೊಟ್ಟ ಮೇಲೆಯೇ ಜಗಲಿ ಹತ್ತುತ್ತಾರೆ.