ವಯಸ್ಸಾದ ಹಿರಿಯ ಬ್ಯಾಟರ್‌ನನ್ನು ಬೇಸ್‌ಬಾಲ್ ತಂಡ ಸೇರಿಸಿಕೊಳ್ಳಬೇಕೇ?

ಸೇರಿಸಿಕೊಳ್ಳಬಹುದು, ಆದರೆ ಒಂದೇ ವರ್ಷಕ್ಕೆ, ಕಡಿಮೆ ದುಡ್ಡಿಗೆ. ಹಳೆಯ ದಾಖಲೆಗೆ ಮರುಳಾಗಿ ಉದ್ದದ ಒಪ್ಪಂದ ಮಾಡಿಕೊಂಡರೆ ಕೈ ಸುಟ್ಟುಕೊಳ್ಳುವ ಸಾಧ್ಯತೆಯೇ ಜಾಸ್ತಿ.

ಗಂಟೆಗೆ 150 ಕಿ.ಮೀ. ವೇಗದಲ್ಲಿ ಎಸೆದ ಚೆಂಡು ಬ್ಯಾಟರ್‌ನನ್ನು ಮುಟ್ಟಲು ಸುಮಾರು 0.4 ಸೆಕೆಂಡ್ ಸಾಕು. ವಯಸ್ಸಾದಂತೆ ಬ್ಯಾಟ್ ಬೀಸುವ ವೇಗ ಇಳಿಯುತ್ತದೆ. ಅದನ್ನು ಸರಿದೂಗಿಸಲು ಆಟಗಾರ ಸ್ವಲ್ಪ ಮೊದಲೇ ಬೀಸಲು ಶುರು ಮಾಡುತ್ತಾನೆ. ಅಂದರೆ ಚೆಂಡನ್ನು ಸರಿಯಾಗಿ ನೋಡುವ ಮೊದಲೇ ತೀರ್ಮಾನ ಮಾಡಿರುತ್ತಾನೆ, ಅಲ್ವಾ? ಹಾಗಾಗಿ ತಿರುಗುವ, ನಿಧಾನವಾಗಿ ಬರುವ ಚೆಂಡುಗಳಿಗೆ ಮೋಸ ಹೋಗುತ್ತಾನೆ. ಅನುಭವ ಎಷ್ಟಿದ್ದರೂ ಇದನ್ನು ಪೂರ್ತಿ ತುಂಬಿಕೊಡಲಾರದು.

ಅಮೆರಿಕದ ಬೇಸ್‌ಬಾಲ್‌ನ ಹೆಸರಾಂತ ಬ್ಯಾಟರ್ ಆಲ್ಬರ್ಟ್ ಪೂಹೋಲ್ಸ್ ಒಬ್ಬರಲ್ಲೇ ಉದ್ದದ ಒಪ್ಪಂದ, ಒಂದೇ ವರ್ಷದ ಒಪ್ಪಂದ ಎರಡೂ ಬಗೆ ಕಾಣಬಹುದು. 2011ರ ಕೊನೆಯಲ್ಲಿ ಏಂಜಲ್ಸ್ ತಂಡ ಅವರೊಡನೆ 10 ವರ್ಷಕ್ಕೆ ಸುಮಾರು 24 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ಅವಧಿ ಮುಗಿಯುವ ಮೊದಲೇ, 2021ರ ಮೇನಲ್ಲಿ, ಕೈಬಿಟ್ಟಿತು. ಮರುವರ್ಷ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಒಂದೇ ವರ್ಷಕ್ಕೆ, 25 ಲಕ್ಷ ಡಾಲರ್‌ಗೆ ಕರೆತಂದಿತು. 42ರ ವಯಸ್ಸಿನಲ್ಲಿ ಅವರು 24 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದರು! ಆದರೆ ತಂಡ ಅವರನ್ನು ದಿನಾ ಆಡಿಸಲಿಲ್ಲ. ಅವರಂಥ ಬಲಗೈ ಬ್ಯಾಟರ್‌ಗೆ ಎಡಗೈ ಪಿಚರ್‌ನ, ಅಂದರೆ ಎಡಗೈಯಲ್ಲಿ ಚೆಂಡು ಎಸೆಯುವವನ, ಚೆಂಡು ಸುಲಭವಾಗಿ ಕಾಣುತ್ತದೆ. ಅಂಥ ಪಿಚರ್ ಎದುರಿದ್ದಾಗ ಹೆಚ್ಚಾಗಿ ಇಳಿಸಿದರು, ಬಹುತೇಕ ಫೀಲ್ಡಿಂಗ್ ಇಲ್ಲದೆ ಬರೀ ಬ್ಯಾಟ್ ಹಿಡಿಯಲು.