ಹಳೇ ಮಿಲ್ಲು ಊರಿನ ಕಲ್ಲಿನ ಮನೆ ಕೊಳ್ಳುತ್ತಿದ್ದೇನೆ, ಗೋಡೆಯ ತೇವಕ್ಕೆ ಇಂಜೆಕ್ಷನ್ ಹಾಕಿಸಲೇ?

ಹಾಕಿಸಬೇಡಿ. ನೀವು ಬರೆದದ್ದು ಇಷ್ಟು: ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸ, ರೈಲಿನ ದಾರಿಯಲ್ಲೊಂದು ಹಳೇ ಬಟ್ಟೆ ಗಿರಣಿಯ ಊರು, 1880ರ ಆಸುಪಾಸಿನ ಕಾರ್ಮಿಕರ ಸಾಲುಮನೆ, ಕೊಳ್ಳುವ ಮುನ್ನ ಮಾಡಿಸುವ ಮನೆ ತಪಾಸಣೆಯಲ್ಲಿ, ಅಂದರೆ ಸರ್ವೆಯಲ್ಲಿ, 'ತೇವ ಹೆಚ್ಚು' ಅಂತ ಒಂದು ಸಾಲು, ಗೋಡೆಯ ಬುಡಕ್ಕೆ ತೇವ ತಡೆಯುವ ರಾಸಾಯನಿಕ ಇಂಜೆಕ್ಷನ್ ಹಾಕಿಸಿ 20 ವರ್ಷದ ಗ್ಯಾರಂಟಿ ಪತ್ರ ಕೊಡುತ್ತೇವೆ ಅನ್ನುವ ಮಾಲೀಕರು. ನನ್ನದೂ ಇದೇ ಕಥೆ, ಅದೂ ಸಾಲಿನ ಕೊನೆಯ ಮನೆ. ನಾನು ಇಂಜೆಕ್ಷನ್‌ಗಿಂತ ಕೆಟ್ಟದ್ದೊಂದು ಮಾಡಿಸಿದೆ: ಗಾಳಿಮಳೆಗೆ ಒಡ್ಡಿಕೊಂಡ ಪಕ್ಕದ ಗೋಡೆಯ ಕಲ್ಲಿನ ಸಂದುಗಳಿಗೆಲ್ಲ ಸಿಮೆಂಟ್ ಮೆತ್ತಿಸಿದೆ.

ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಉಳಿದದ್ದೆಲ್ಲ ಇದರಿಂದಲೇ ಅರ್ಥವಾಗುತ್ತದೆ. ಸಿಮೆಂಟ್ ಗಟ್ಟಿ, ಗಟ್ಟಿಯಾದದ್ದು ಒಳ್ಳೆಯದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಈ ಮನೆಗಳ ಗೋಡೆ ಸುಮಾರು 450ರಿಂದ 500 ಮಿ.ಮೀ. ದಪ್ಪ. ಹೊರಗೊಂದು ಕಲ್ಲಿನ ಪದರ, ಒಳಗೊಂದು, ನಡುವೆ ಸುಣ್ಣ, ಮಣ್ಣು, ಚೂರುಕಲ್ಲು. ಬ್ರಿಟನ್ನಿನ ಇಂದಿನ ಮನೆಗಳಂತೆ ಎರಡು ಗೋಡೆಗಳ ನಡುವಿನ ಖಾಲಿ ಜಾಗ ಇಲ್ಲಿಲ್ಲ. ಮಳೆ ಬಂದಾಗ ಹೊರಮೈ ನೀರು ಕುಡಿಯುತ್ತದೆ, ಗಾಳಿ ಬಿಸಿಲಿಗೆ ಅದನ್ನು ಬಿಟ್ಟುಕೊಡುತ್ತದೆ. ಬಿಟ್ಟುಕೊಡುವುದು ಹೆಚ್ಚಾಗಿ ಸಂದಿನಲ್ಲಿರುವ ಸುಣ್ಣದ ಗಾರೆಯ ಮೂಲಕ, ಯಾಕೆಂದರೆ ಅದು ಕಲ್ಲಿಗಿಂತ ಮೆದು, ಕಲ್ಲಿಗಿಂತ ಹೆಚ್ಚು ರಂಧ್ರಗಳಿರುವಂಥದ್ದು. ಉಪ್ಪು ಬಿಡುವುದೂ ಗಾರೆಯಲ್ಲಿ, ಹಿಮಕ್ಕೆ ಉದುರುವುದೂ ಗಾರೆಯೇ. ನೂರು ವರ್ಷಕ್ಕೊಮ್ಮೆ ಅದನ್ನು ಕೆರೆದು ಹೊಸದು ತುಂಬಿದರೆ ಮುಗಿಯಿತು, ಕಲ್ಲಿಗೆ ಏನೂ ಆಗುವುದಿಲ್ಲ.

ಆ ಸಂದಿಗೆ ಸಿಮೆಂಟ್ ತುಂಬಿದಿರಿ ಅಂದುಕೊಳ್ಳಿ. ಸಿಮೆಂಟ್ ಒಣಗುವಾಗ ಕುಗ್ಗುತ್ತದೆ, ಕಲ್ಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕು ಮಳೆನೀರನ್ನು ಒಳಗೆ ಹೀರುತ್ತದೆ. ಒಳ ಹೋದ ನೀರಿಗೆ ಸಿಮೆಂಟಿನ ಮೂಲಕ ಹೊರಬರುವ ದಾರಿಯಿಲ್ಲ, ಹಾಗಾಗಿ ಕಲ್ಲಿನಲ್ಲೇ ಬರುತ್ತದೆ. ಬರುವಾಗ ತಂದ ಉಪ್ಪು ಕಲ್ಲಿನ ಮುಖದ ಹಿಂದೆ ಹರಳುಗಟ್ಟುತ್ತದೆ, ಚಳಿಗಾಲದಲ್ಲಿ ಅದೇ ಜಾಗದಲ್ಲಿ ನೀರು ಹೆಪ್ಪುಗಟ್ಟುತ್ತದೆ, ಕಲ್ಲು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕೊನೆಗೆ ಕಲ್ಲು ಒಳಸರಿದು ಸಿಮೆಂಟ್ ಗೆರೆಗಳು ಬಡಕಲು ಎಮ್ಮೆಯ ಪಕ್ಕೆಲುಬಿನಂತೆ ಎದ್ದು ನಿಲ್ಲುತ್ತವೆ. ಇಂಥ ಗೋಡೆ ಕಂಡರೆ ಬೆಲೆಯ ಮಾತೆತ್ತುವ ಮೊದಲೇ ಫೋಟೊ ತೆಗೆದುಕೊಳ್ಳಿ.

ಇದು ಹೊರಗಿನ ಪಾಡು. ಒಳಗೆ ಇದಕ್ಕಿಂತ ದುಬಾರಿ. ಮಹಡಿಯ ಮರದ ತೊಲೆಗಳ ತುದಿ ಈ ಗೋಡೆಯಲ್ಲೇ ಹೂತಿರುತ್ತದೆ. ಮರದ ತೇವಾಂಶ 20 ಪ್ರತಿಶತ ದಾಟಿ ಹಾಗೇ ಉಳಿದರೆ ಶಿಲೀಂಧ್ರ ಹಿಡಿಯುತ್ತದೆ. ನನ್ನ ಗೋಡೆಯಲ್ಲಿ ಮೊದಲ ಚಳಿಗಾಲಕ್ಕೆ ಬಣ್ಣ ಉಬ್ಬಿತು, ಎರಡನೆಯದಕ್ಕೆ ಮೂಲೆಯ ನೆಲ ಕಾಲಿಟ್ಟರೆ ಕುಣಿಯತೊಡಗಿತು. ಎರಡು ತೊಲೆಗಳ ತುದಿ ಕತ್ತರಿಸಿ ಹೊಸ ಮರ ಜೋಡಿಸಬೇಕಾಯಿತು. ಸಿಮೆಂಟ್ ತೆಗೆಸಲು ಕೊಟ್ಟದ್ದು ಹಾಕಿಸಲು ಕೊಟ್ಟದ್ದಕ್ಕಿಂತ ಹೆಚ್ಚು.

ಇನ್ನು ನಿಮ್ಮ ಇಂಜೆಕ್ಷನ್. ಗೋಡೆಯ ಬುಡದಲ್ಲಿ ಸಾಲಾಗಿ ತೂತು ಕೊರೆದು ಸಿಲಿಕೋನ್ ಬಗೆಯ ಕ್ರೀಮ್ ತುಂಬುತ್ತಾರೆ. ನಡುವೆ ಚೂರುಕಲ್ಲು ತುಂಬಿದ ಗೋಡೆಯಲ್ಲಿ ಅದು ಸಂದುಗೊಂದುಗಳಲ್ಲಿ ಹರಿದು ಹೋಗುತ್ತದೆ, ಅಖಂಡ ಪದರ ಆಗುವುದೇ ಇಲ್ಲ. ಆಮೇಲೆ ಒಳಗಿನ ಪ್ಲಾಸ್ಟರನ್ನು ಒಂದು ಮೀಟರ್ ಎತ್ತರದವರೆಗೆ ಕಿತ್ತು ನೀರು ಬಿಡದ ಸಿಮೆಂಟ್ ಪ್ಲಾಸ್ಟರ್ ಬಳಿಯುತ್ತಾರೆ. ಗೋಡೆ ಒಣಗಿದಂತೆ ಕಾಣಿಸುವುದು ಆ ಪ್ಲಾಸ್ಟರಿನ ಕರಾಮತ್ತು. ಗ್ಯಾರಂಟಿ ಪತ್ರದ ಸಣ್ಣಕ್ಷರ ಓದಿ: ಸೋರುವ ಗಟರ್ (ಮಾಡಿನಂಚಿನ ಮಳೆನೀರಿನ ದೋಣಿ), ಒಳಗಿನ ಹಬೆ ತಣ್ಣನೆ ಗೋಡೆಗೆ ಹಿಡಿಯುವ ಬೆವರು, ಸಾಮಾನ್ಯವಾಗಿ ಇವೆರಡನ್ನೂ ಹೊರಗಿಟ್ಟಿರುತ್ತಾರೆ. ನಿಮ್ಮ ತೇವಕ್ಕೆ ಕಾರಣ ಬಹುಶಃ ಇವೇ. ಸರ್ವೆಯವರು ಚುಚ್ಚುವ ಮೀಟರ್ ಕೂಡ ಮರಕ್ಕೆಂದು ಮಾಡಿದ್ದು, ವಿದ್ಯುತ್ ಎಷ್ಟು ಹರಿಯುತ್ತದೆ ಅಂತಷ್ಟೇ ಅಳೆಯುತ್ತದೆ. ಉಪ್ಪು ಹಿಡಿದ ಹಳೇ ಪ್ಲಾಸ್ಟರ್ ಒಣಗಿದ್ದರೂ ಅದು ಕಿರುಚುತ್ತದೆ. 'ಉಚಿತ ತೇವ ತಪಾಸಣೆ'ಗೆ ಬರುವವರು ಇಂಜೆಕ್ಷನ್ ಮಾರುವವರೇ ಆಗಿರುತ್ತಾರೆ. ಅದರ ಬದಲು ಆರ್‌ಐಸಿಎಸ್‌ನ (ಬ್ರಿಟನ್ನಿನ ಸರ್ವೇಯರುಗಳ ಸಂಸ್ಥೆ) ಲೆವೆಲ್ 3, ಅಂದರೆ ಅತಿ ವಿವರವಾದ ಸರ್ವೆ ಮಾಡಿಸಿ, ಹಳೇ ಕಲ್ಲಿನ ಮನೆ ಬಲ್ಲವರಿಂದ. ಲೆವೆಲ್ 2 ಈ ವಯಸ್ಸಿನ ಮನೆಗೆ ಸಾಲದು.

ಮೊದಲು ಮಾಡಬೇಕಾದದ್ದು ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆಯ ಮುಂದೆ ಹತ್ತು ನಿಮಿಷ ನಿಲ್ಲುವುದು. ಗಟರಿನ ಜೋಡಣೆಯಲ್ಲಿ ಹನಿಯುತ್ತಿದೆಯೇ, ಇಳಿಕೊಳವೆಯ ಹಿಂಬದಿ ಗೋಡೆ ಹಸಿರುಗಟ್ಟಿದೆಯೇ ನೋಡಿ. ಬೀಡುಕಬ್ಬಿಣದ ಕೊಳವೆ ಹಿಂಬದಿಯಲ್ಲೇ ಸೀಳುತ್ತದೆ, ಅಲ್ಲಿ ಬಣ್ಣದ ಕುಂಚ ಹೋಗುವುದಿಲ್ಲವಲ್ಲ. ಆಮೇಲೆ ಹೊರನೆಲದ ಮಟ್ಟ: ಒಳನೆಲಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು. ಅಂಗಳಕ್ಕೆ ಮೇಲಿಂದ ಮೇಲೆ ಕಾಂಕ್ರೀಟ್ ಸುರಿದು ಏರಿಸಿದ್ದರೆ ತೇವದ ಮೂಲ ಅದೇ. ಮುಚ್ಚಿದ ಒಲೆಗೂಡಿಗೆ (ಫೈರ್‌ಪ್ಲೇಸ್) ಗಾಳಿಕಿಂಡಿ ಇಡಿಸಿ.

ಸಂದಿನ ಗಾರೆಯನ್ನು ಕೀಲಿಕೈಯಿಂದ ಗೀರಿ ನೋಡಿ. ಪುಡಿ ಉದುರಿದರೆ ಸುಣ್ಣ, ಕೀಲಿಯೇ ಸವೆದರೆ ಸಿಮೆಂಟ್. ಸಿಮೆಂಟ್ ತೆಗೆಸುವುದಾದರೆ ಉಳಿ ಸುತ್ತಿಗೆಯಿಂದ. ಗ್ರೈಂಡರ್ ತಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಅದು ಕಲ್ಲಿನ ಅಂಚನ್ನು ಕೊಯ್ಯುತ್ತದೆ. ಕಲ್ಲನ್ನು ಒಡೆಯದೆ ಬರದಷ್ಟು ಕಚ್ಚಿಕೊಂಡ ಸಿಮೆಂಟನ್ನು ಸದ್ಯಕ್ಕೆ ಹಾಗೇ ಬಿಡಿ. ಸಂದಿನ ಅಗಲದ ಎರಡರಷ್ಟು ಆಳ ಕೆರೆಯಬೇಕು, 25 ಮಿ.ಮೀ.ಗೆ ಕಡಿಮೆಯಾಗದಂತೆ. ಗಾರೆಗೆ ಚೀಲದ ಮೇಲೆ ಎನ್‌ಎಚ್‌ಎಲ್ 3.5 ಅಂತ ಬರೆದಿರುವ, ನೀರು ತಾಗಿ ಗಟ್ಟಿಯಾಗುವ ಬಗೆಯ ಸುಣ್ಣ ಒಂದು ಪಾಲು, ದಪ್ಪ ಕಣದ ತೊಳೆದ ಮರಳು ಮೂರು ಪಾಲು. ಬಕೆಟ್‌ನಲ್ಲಿ ಅಳೆಯಿರಿ, ಸಲಿಕೆಯಲ್ಲಲ್ಲ. ಸುಣ್ಣ ಹಗುರ, ಸಲಿಕೆ ಲೆಕ್ಕ ತಪ್ಪುತ್ತದೆ. 'ಒಂದು ಹಿಡಿ ಸಿಮೆಂಟ್ ಹಾಕಿದರೆ ಬೇಗ ಗಟ್ಟಿಯಾಗುತ್ತೆ' ಅನ್ನುವ ಮೇಸ್ತ್ರಿಗೆ ಆ ಒಂದು ಹಿಡಿಯನ್ನೂ ಬಿಡಬೇಡಿ. ಸಂದನ್ನು ಹಿಂದಿನ ದಿನವೇ ನೆನೆಸಿ, ಆಳವಿದ್ದರೆ ಪದರ ಪದರವಾಗಿ ಒತ್ತಿ ತುಂಬಿ. ಹೆಬ್ಬೆರಳು ಒತ್ತಿದರೆ ಗುರುತು ಬೀಳದ ಹೊತ್ತಿಗೆ ಬಿರುಸಾದ ಬ್ರಷ್‌ನಿಂದ ಬಡಿಯಿರಿ. ಕರಣೆಯಿಂದ ಉಜ್ಜಿ ನುಣುಪು ಮಾಡಿದರೆ ಮೇಲ್ಮೈ ಮುಚ್ಚಿಹೋಗಿ ಮತ್ತೆ ಅದೇ ರಗಳೆ. ಒದ್ದೆ ಗೋಣಿತಾಟು ಇಳಿಬಿಟ್ಟು ಒಂದು ವಾರ ತೇವ ಆರದಂತೆ ಕಾಯಬೇಕು. ಕೈಗವಸು, ಕನ್ನಡಕ ಮರೆಯಬೇಡಿ, ಸುಣ್ಣ ಕಣ್ಣು ಸುಡುತ್ತದೆ.

ಊರಿನ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಕಣಿವೆಗಳಿಗೆ ಮತ್ತೆ ಜೀವ ಕೊಟ್ಟದ್ದು ರೈಲು. ಲೀಡ್ಸ್ ಕಡೆಯ ಮಿಲ್ಲು ಊರು ಸಾಲ್ಟೇರ್‌ನ ನಿಲ್ದಾಣ 1965ರಲ್ಲಿ ಮುಚ್ಚಿ 1984ರಲ್ಲಿ ಮತ್ತೆ ತೆರೆಯಿತು, ಮಿಲ್ಲು ನಿಂತದ್ದು 1986ರಲ್ಲಿ. 2001ರಲ್ಲಿ ಊರು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅಂಥ ಕಡೆ ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಕಿಟಕಿ ಬದಲಿಸುವುದಕ್ಕೂ ಮೊದಲೇ ಒಪ್ಪಿಗೆ ಬೇಕು, ಪಡೆಯದಿದ್ದರೆ ಅದು ಅಪರಾಧ. ಕಾಲ್ಡರ್ ನದಿ ಕಣಿವೆಯ ಹೆಬ್ಡೆನ್ ಬ್ರಿಜ್ ಊರಿನಲ್ಲಿ ಗುಡ್ಡದ ಇಳಿಜಾರಿಗೆ ಒಂದರ ಮೇಲೊಂದು ಮನೆ ಕಟ್ಟಿದ್ದಾರೆ, ಕೆಳಗಿನದಕ್ಕೆ ಒಬ್ಬ ಮಾಲೀಕ, ಮೇಲಿನದಕ್ಕೆ ಇನ್ನೊಬ್ಬ. ಮಾಡಿನ ರಿಪೇರಿ ಯಾರ ಪಾಲು ಅಂತ ಪತ್ರದಲ್ಲಿ ಇಲ್ಲದಿದ್ದರೆ ಕೆಲವು ಬ್ಯಾಂಕುಗಳು ಸಾಲಕ್ಕೆ ತಕರಾರು ತೆಗೆಯುತ್ತವೆ. ಮಿಲ್ಲಿಗೆ ನೀರು ತರುತ್ತಿದ್ದ ಹಳೇ ಕಾಲುವೆಯನ್ನು ಅಲ್ಲಿನವರು 'ಗಾಯ್ಟ್' ಅನ್ನುತ್ತಾರೆ. ಅದು ನಿಮ್ಮ ಮನೆಯಡಿ ಹಾದುಹೋದರೆ ಆ ತುಂಡಿನ ಹೊಣೆ ಸಾಮಾನ್ಯವಾಗಿ ನಿಮ್ಮದೇ. ಮಿಲ್ಲುಗಳು ನೀರಿಗಾಗಿಯೇ ನದಿಗೆ ಅಂಟಿಕೊಂಡವು, ಹಾಗಾಗಿ ನೆರೆಯೂ ಜೊತೆಗೇ ಬರುತ್ತದೆ: ಕಾಲ್ಡರ್ ಕಣಿವೆ 2015ರ ಡಿಸೆಂಬರ್ 26ರಂದು ಮುಳುಗಿತು, 2020ರ ಫೆಬ್ರವರಿಯಲ್ಲಿ ಮತ್ತೆ. 2009ಕ್ಕೆ ಮೊದಲು ಕಟ್ಟಿದ ಮನೆಗೆ ಬ್ರಿಟನ್ನಿನ ನೆರೆವಿಮೆ ಯೋಜನೆಯಾದ ಫ್ಲಡ್ ರೀಯಿಂದ ವಿಮೆ ಕೈಗೆಟುಕುತ್ತದೆ, ಆದರೆ ಆ ಯೋಜನೆ 2039ಕ್ಕೆ ಮುಗಿಯುತ್ತದೆ. ಸಾಲದ ಅವಧಿ ಅದಕ್ಕೂ ಆಚೆಗಿದೆಯೇ ನೋಡಿಕೊಳ್ಳಿ.

ನನ್ನ ಹಟದ ಅಭಿಪ್ರಾಯ ಒಂದು: ಮರಳು ಊದಿ ಜೇನುಬಣ್ಣಕ್ಕೆ ತಂದ, ಒಳಗೆ ಬೂದು ಬಣ್ಣ ಬಳಿದ ಮನೆಗಿಂತ ಮಿಲ್ಲಿನ ಮಸಿ ಹಿಡಿದು ಕರ್ರಗಿರುವ ಮನೆಯೇ ವಾಸಿ. ಮರಳು ಊದಿದರೆ ಮಸಿಯ ಜೊತೆ ಕಲ್ಲಿನ ಗಟ್ಟಿ ಸಿಪ್ಪೆಯೂ ಹೋಗುತ್ತದೆ. ಕೊಳ್ಳುವವರು ರೈಲಿಗಾಗಿ ಬಂದವರು, ಅವರಿಗೆ ಗೋಡೆ ಹೊಳೆದರೆ ಸಾಕು ಅಂತ ಮಾರುವವರಿಗೆ ಗೊತ್ತು.

ಮಾಲೀಕರಿಗೆ ಗ್ಯಾರಂಟಿ ಪತ್ರ ಬೇಡ, ಇಂಜೆಕ್ಷನ್ನಿನ ಹಣವನ್ನು ಬೆಲೆಯಲ್ಲಿ ಇಳಿಸಿ ಅನ್ನಿ. ಆ ಹಣ ಗಟರಿಗೆ, ಒಳಗಿನ ಸುಣ್ಣದ ಪ್ಲಾಸ್ಟರಿಗೆ ಬೇಕಾಗುತ್ತದೆ. ಮನೆ ಕೈಗೆ ಬರುವುದು ಅಕ್ಟೋಬರ್ ದಾಟಿದರೆ ಸಂದಿನ ಕೆಲಸ ಏಪ್ರಿಲ್‌ವರೆಗೆ ಮುಟ್ಟಬೇಡಿ, 5 ಡಿಗ್ರಿಗಿಂತ ಕೆಳಗೆ ಸುಣ್ಣ ಹಿಡಿಯುವುದಿಲ್ಲ. ಅಲ್ಲಿಯವರೆಗೆ ಗಟರ್ ಸರಿಮಾಡಿಸಿ, ಕಿಟಕಿ ತೆರೆದಿಡಿ, ಆ ಚುಚ್ಚುವ ಮೀಟರನ್ನು ಗೋಡೆಗಲ್ಲ, ತೊಲೆಯ ತುದಿಗೆ ತಿಂಗಳಿಗೊಮ್ಮೆ ಹಚ್ಚಿ ಅಂಕಿ ಬರೆದಿಡಿ.