ಗಂಟು ಬಿಚ್ಚಿದರೆ ದೋಷವೇ?

ಪ್ರಶ್ನೆ: ಅಮ್ಮ ತೀರಿಕೊಂಡು ಮೂರು ತಿಂಗಳಾಯಿತು. ತಿರುಪತಿ ತಿಮ್ಮಪ್ಪನಿಗೆಂದು ಅವರು ಕಟ್ಟಿಟ್ಟ ಮುಡುಪು ದೇವರ ಗೂಡಿನಲ್ಲೇ ಇದೆ. ಎರಡು ವರ್ಷದ ಹಿಂದೆ ಮಗಳ ಫೀಸಿಗೆಂದು ಅದರಿಂದ 3,000 ರೂಪಾಯಿ ತೆಗೆದಿದ್ದೆ. ಯಾರಿಗೂ ಹೇಳಿಲ್ಲ. ಒಳಗೆ ಹಳೆಯ 500ರ ಒಂಬತ್ತು ನೋಟು, 2,000ದ ಎರಡು, ಒಂದಿಷ್ಟು ನೂರರ ನೋಟು ಇದ್ದವು. ಈಗ ಬಟ್ಟೆಗೆ ತೇವ ಹತ್ತಿದೆ. ಬಿಚ್ಚಬಾರದು, ಹಾಗೇ ಹುಂಡಿಗೆ ಹಾಕಬೇಕು ಅನ್ನುತ್ತಾನೆ ಅಣ್ಣ. ಮುಡುಪು ಮುಟ್ಟಿದವರು ಸಾಲ ಮಾಡಿಯಾದರೂ ಬಡ್ಡಿ ಸಮೇತ ಕಟ್ಟಬೇಕಂತೆ. ನನ್ನ ಹೊಲಿಗೆ ದುಡ್ಡಿನಲ್ಲೇ ಮನೆ ನಡೆಯಬೇಕು. ಏನು ಮಾಡಲಿ?

ಉತ್ತರ: ಬಿಚ್ಚಿ. ದೀಪ ಹಚ್ಚಿ, ಅಣ್ಣನನ್ನು ಎದುರಿಗೆ ಕೂರಿಸಿಕೊಂಡೇ ಬಿಚ್ಚಿ. ದೇವರ ದುಡ್ಡು ಮನೆಖರ್ಚಿಗೆ ಬೆರೆಯದಿರಲಿ ಎಂದು ಗಂಟು ಹಾಕುತ್ತೇವೆ, ಒಳಗೇ ಕೊಳೆಯಲಿ ಎಂದಲ್ಲ.

ಅರಿಸಿನದ ನೀರಲ್ಲಿ ಅದ್ದಿದ ಬಟ್ಟೆ ಪೂರ್ತಿ ಒಣಗುವ ಮುಂಚೆ ಕಟ್ಟಿದರೆ ನೋಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಾಣ್ಯ ಕಪ್ಪಾಗುತ್ತವೆ. ಅಂಟಿದ್ದನ್ನು ಎಳೆಯಬೇಡಿ, ಇಸ್ತ್ರಿಪೆಟ್ಟಿಗೆ ಮುಟ್ಟಿಸಬೇಡಿ. ಪೇಪರಿನ ನಡುವೆ ಇಟ್ಟು ನೆರಳಲ್ಲಿ ಆರಿಸಿ. ಕಲೆಯಾದ, ಹರಿದ ನೂರರ ನೋಟನ್ನು ಬ್ಯಾಂಕಿನಲ್ಲಿ ಬದಲಾಯಿಸಿಕೊಡುತ್ತಾರೆ. 2,000ದ ನೋಟು 2023ರ ಮೇ 19ರಂದು ಚಲಾವಣೆಯಿಂದ ಹಿಂದೆ ಸರಿದರೂ ಬೆಲೆ ಕಳೆದುಕೊಂಡಿಲ್ಲ. ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಗೆ ಗುರುತಿನ ಚೀಟಿ ಸಮೇತ ಹೋಗಬಹುದು, ಇಲ್ಲವೇ ಅಂಚೆಯಲ್ಲಿ ಕಳಿಸಿದರೆ ನಿಮ್ಮ ಖಾತೆಗೆ ಜಮೆಯಾಗುತ್ತದೆ.

ಹಳೆಯ 500ರ ನೋಟುಗಳು 2016ರ ನವೆಂಬರ್ 8ಕ್ಕೇ ಮುಗಿದವು. ಆ 4,500 ರೂಪಾಯಿ ಯಾರ ತಪ್ಪಿನಿಂದಲೂ ಹೋದದ್ದಲ್ಲ. ಅಮ್ಮ ತೆಗೆದಿಟ್ಟಾಗ ಅದು ಒಳ್ಳೆಯ ದುಡ್ಡು; ಅವರ ಪಾಲಿನದು ಅವರು ಕೊಟ್ಟಾಯಿತು. ನೀವು ತುಂಬಿಕೊಡಬೇಕಾದ ಬಾಕಿ ಅದಲ್ಲ. ಹುಂಡಿಗೆ ಮಾತ್ರ ಹಾಕಬೇಡಿ. ತಿರುಮಲದ ಪರಕಾಮಣಿಯಲ್ಲಿ ಎಣಿಸುವವರು ಆರಿಸಿ ಪಕ್ಕಕ್ಕಿಡಬೇಕಾದ ಕಾಗದವಾಗುತ್ತದೆ, ಅಷ್ಟೆ. ಒಬ್ಬರ ಬಳಿ ಹತ್ತಕ್ಕಿಂತ ಹೆಚ್ಚು ಇದ್ದರೆ 2017ರ ಕಾಯ್ದೆಯಂತೆ ದಂಡವಿದೆ; ನಿಮ್ಮದು ಒಂಬತ್ತೇ, ಅಮ್ಮನ ನೆನಪಿಗೆ ಇಟ್ಟುಕೊಳ್ಳಬಹುದು.

3,000 ಮಾತ್ರ ನಿಮ್ಮದೇ ಬಾಕಿ. ಅದನ್ನು ನಿಮ್ಮ ದುಡಿಮೆಯಿಂದಲೇ ತುಂಬಬೇಕು, ಸಾಲದಿಂದಲ್ಲ. ಸಾಲ ತಂದು ಹಾಕಿದರೆ ಅದನ್ನು ತೀರಿಸುವುದು ಮತ್ತೆ ಮಗಳ ಫೀಸಿನ ದುಡ್ಡಿನಿಂದಲೇ. ಹೊಸ ಬಟ್ಟೆಯಲ್ಲಿ ತಿಂಗಳಿಗೆ 500ರಂತೆ ಇಡುತ್ತ ಬನ್ನಿ, ಆರು ತಿಂಗಳಿಗೆ ತೀರುತ್ತದೆ. ಬಡ್ಡಿ ಕಾಸಿನ ತಿಮ್ಮಪ್ಪ ಎಂದು ಕರೆದರೂ ನೀವು ಬಡ್ಡಿಯ ಮಾತು ಕೊಟ್ಟವರಲ್ಲ. ಮನಸ್ಸಿಗೆ ಚುಚ್ಚುತ್ತಿದ್ದರೆ ತಪ್ಪುಕಾಣಿಕೆಯೆಂದು ಹನ್ನೊಂದು ರೂಪಾಯಿ ಸೇರಿಸಿ, ಸಾಕು. ಎಷ್ಟೋ ಮನೆಗಳಲ್ಲಿ ಹೆತ್ತವರು ಹೋದ ವರ್ಷ ಬೆಟ್ಟ ಹತ್ತುವುದಿಲ್ಲ. ನಿಮ್ಮಲ್ಲೂ ಆ ಪದ್ಧತಿಯಿದ್ದರೆ ಅವಸರವೇ ಇಲ್ಲ.

ಫೀಸಿನ ವಿಷಯ ಅಣ್ಣನಿಗೆ ಗಂಟು ಬಿಚ್ಚುವ ಮೊದಲೇ ಹೇಳಿಬಿಡಿ, ಎಣಿಸಿದ ಮೇಲಲ್ಲ. ಕೊನೆಗೆ ಮುಡುಪನ್ನು ಅವರೇ ಒಯ್ದು ಹಾಕಿದರೂ ಸರಿಯೇ.